ಚಾಪೆಯಂಚಿನ ಹುಣಸೆಬೀಜ

ದಾಂಡೇಲಿ
ಭಾನುವಾರ, ೯ ನವೆಂಬರ್ ೨೦೨೫

ಮುದ್ದಿನ ನಿಲೋಫರಳಿಗೆ ಅಬ್ಬಾನ ದುವಾ.

ಅಮ್ಮಿಯ ತಲೆಯಲ್ಲಿ ಗಡ್ಡೆ ಮತ್ತೆ ಬೆಳೆದಿಲ್ಲ. ಆದರೆ ಅದು ಇದ್ದ ಜಾಗದ ಸುತ್ತಲಿನ ಮಿದುಳಿನ ಒಳ್ಳೆಯ ಭಾಗ ರೇಡಿಯೇಶನ್ನಿನಿಂದ ಹಾಳಾಗಿದೆ. ಮರೆವು ಅದರಿಂದಲೇ. ಶುಕ್ರವಾರ ಸ್ಕ್ಯಾನಿಂಗ್ ನೋಡಿ ಇದನ್ನು ಹೇಳಿದವರು ಹುಬ್ಬಳ್ಳಿಯ ಡಾಕ್ಟರ್ ವೀರೇಶ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ.

ನೀನು ಕಳಿಸಿದ ಪತ್ರಿಕೆಯ ತುಣುಕನ್ನು ಅವರ ಮುಂದಿಟ್ಟೆ. ರೇಡಿಯೇಶನ್ ಕೊಟ್ಟ ಇಲಿಗಳಲ್ಲಿ ಹೊಟ್ಟೆಯ ಬ್ಯಾಕ್ಟೀರಿಯಾ ಬದಲಾದರೆ ಮಿದುಳಿಗೆ ಬೀಳುವ ಪೆಟ್ಟೂ ಬದಲಾಗುತ್ತದೆ ಎಂದು ಅದರಲ್ಲಿದೆಯಲ್ಲ. ಕೆಳಗೆ ನೀನು ಪೆನ್ನಿನಲ್ಲಿ, "ಅಮ್ಮಿಯನ್ನು ನಾನೇ ಹಾಳು ಮಾಡಿದೆ," ಎಂದು ಬರೆದದ್ದನ್ನೂ ಓದಿದೆ. ಚಿಕಿತ್ಸೆ ನಡೆದಾಗ ಅವಳಿಗೆ ಕೆಮ್ಮು ಬಂದರೂ ಹೊಟ್ಟೆ ಕೆಟ್ಟರೂ ನೀನು ನಿಮ್ಮೂರು ಮುಂಡಗೋಡದ ಔಷಧ ಅಂಗಡಿಯಿಂದ ಡಾಕ್ಟರ ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ತರುತ್ತಿದ್ದೆ. ಅದು ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದಂತೆ. ನಮ್ಮ ಕಡೆ ಎಲ್ಲರೂ ಹಾಗೇ ತರುತ್ತಾರೆ.

ಡಾಕ್ಟರ್ ಅಂದರು: "ಡಾಕ್ಟರನ್ನ ಕೇಳದ ಕೊಟ್ಟದ್ದು ತಪ್ಪರೀ. ಆದ್ರ ಅದರಿಂದನ ಹಿಂಗಾತು ಅಂತ ನಾ ಹೇಳಂಗಿಲ್ಲ. ಇಲಿಯೊಳಗ ಕಂಡದ್ದು ಮನುಷ್ಯಾರೊಳಗ ಹೆಂಗ ಅಂತ ಯಾರಿಗೂ ಇನ್ನೂ ಪೂರ್ತಿ ಗೊತ್ತಿಲ್ಲ."

ಹಾಗಾದರೆ ನನ್ನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾವನ್ನು ತೆಗೆದು ಅವಳಿಗೆ ಹಾಕಿರಿ ಎಂದು ಬೇಡಿಕೊಂಡೆ.

"ಕರೀಮಸಾಬ್ರ, ಒಂದು ಗಾಡೀದು ಬಿಚ್ಚಿ ಇನ್ನೊಂದಕ್ಕ ಹಾಕಾಕ ಇದು ನಿಮ್ಮ ಗ್ಯಾರೇಜ ಅಲ್ರೀ," ಅಂದರು. ನನಗೆ ನಗು ಬರಲಿಲ್ಲ. ಕಾಲು ಹಿಡಿಯಲು ಬಗ್ಗಿದೆ. ಎಬ್ಬಿಸಿ ಕೂರಿಸಿದರು.

ನಮಾಜಿನಲ್ಲಿ ಎಷ್ಟು ರಕಾತ್ ಆಯಿತೆಂದು ಅಮ್ಮಿಗೆ ತಿಳಿಯುವುದಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ, ಅಳುತ್ತಾಳೆ. ಈಗ ನಾನು ಪಕ್ಕದಲ್ಲಿ ಕೂತು, ಅವಳು ನಿಂತು, ಬಗ್ಗಿ, ಹಣೆ ನೆಲಕ್ಕೆ ಹಚ್ಚಿ ಒಂದೊಂದು ರಕಾತ್ ಮುಗಿಸಿದಾಗ ಚಾಪೆಯ ಅಂಚಿಗೆ ಒಂದು ಹುಣಸೆಬೀಜ ಇಡುತ್ತೇನೆ. ಮೊದಲ ದಿನ ನಮಾಜು ಮುಗಿಸಿದವಳೇ ನನ್ನ ಕಡೆ ತಿರುಗಿ, "ನಾ ಇಲ್ಲಿ ನಮಾಜ್ ಮಾಡಾಕತ್ತೀನಿ, ನೀವೇನು ಚೌಕಾಬಾರ ಆಡಾಕತ್ತೀರಿ?" ಅಂದಳು. ಅಷ್ಟು ಹೊತ್ತು ನನ್ನ ಹಳೆಯ ಬದರುನ್ನಿಸಾ ವಾಪಸ್ ಬಂದಿದ್ದಳು. ಮರುದಿನ ಬೀಜಗಳು ಯಾಕೆಂದು ಕೇಳಿದಳು.

ಗ್ಯಾರೇಜಿಗೆ ಬೀಗ ಹಾಕಿದ್ದೇನೆ. ಒಲೆ ಹಚ್ಚಿ ಮರೆಯುತ್ತಾಳೆ, ಬಾಗಿಲು ತೆಗೆದು ಹೊರಡುತ್ತಾಳೆ. ನನ್ನೊಬ್ಬನಿಂದ ಆಗುತ್ತಿಲ್ಲ, ಬೇಟಾ. ನಿಲೋಫರ ಯಾವಾಗ ಬರುತ್ತಾಳೆ ಎಂದು ದಿನಾ ನಿನ್ನ ಹೆಸರು ಹಿಡಿದು ಕೇಳುತ್ತಾಳೆ. ನಿನ್ನ ಮೇಲೆ ಇಲ್ಲಿ ಯಾರಿಗೂ ಸಿಟ್ಟಿಲ್ಲ. ಬಾ.

ನಿನ್ನ ದಾರಿ ಕಾಯುವ ಅಬ್ಬಾ,
ಅಬ್ದುಲ್ ಕರೀಮ

ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯಬೇಕು: ಅಮ್ಮಿ ನಿನ್ನನ್ನು ಕೇಳುತ್ತಾಳೆ ಎಂದದ್ದು ನಿಜವಲ್ಲ. ಗೋಡೆಯ ಮೇಲಿನ ನಿನ್ನ ನಿಕಾಹ್ ಫೋಟೋ ನೋಡಿ ಇವತ್ತು, "ಯಾರ ಮಗಳರೀ ಇಕಿ? ಭಾಳ ಛಂದ ಅದಾಳ," ಅಂದಳು. ನಾಳೆ ಬಿಟ್ಟು ಮುಂದಿನ ಸೋಮವಾರ, ಹದಿನೇಳಕ್ಕೆ, ಅವಳನ್ನು ಮತ್ತೆ ಹುಬ್ಬಳ್ಳಿಯಲ್ಲಿ ತೋರಿಸಬೇಕು. ಬೆಳಿಗ್ಗೆ ಏಳರ ಬಸ್ಸಿಗೆ ಹೊರಡುತ್ತೇವೆ.