ಕಾರಿನ ಇಂಜಿನ್ನಿಗೆ ಕರ್ಪೂರದಾರತಿ

ಜುರಾಂಗ್ ವೆಸ್ಟ್, ಸಿಂಗಾಪುರ
20 ಅಕ್ಟೋಬರ್ 2024

ಪ್ರೀತಿಯ ಅಕ್ಷಿತಾ,

ನಾವಿಬ್ಬರೂ ಕ್ಷೇಮ. ಅಪ್ಪನ ಎಡಗೈಗೆ ಬ್ಯಾಂಡೇಜ್ ಇದೆ, ಹುಬ್ಬಿಲ್ಲ, ಉಳಿದಂತೆ ಗಟ್ಟಿಮುಟ್ಟು. ಬರೆಯಲು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಕೂತು ನನ್ನ ಒಂದೊಂದು ಮಾತನ್ನೂ ತಿದ್ದುತ್ತಾರೆ.

ಡಿಸೆಂಬರಿನಲ್ಲಿ ನೀನು ಪರ್ತ್‌ನಿಂದ ಬಂದಾಗ ಪುಲಾವ್ ಉಬಿನ್ ದ್ವೀಪಕ್ಕೆ ನಮ್ಮ ದೋಣಿಯಲ್ಲೇ ಹೋಗುವುದೆಂದು ಅಪ್ಪ ಮಾತು ಕೊಟ್ಟಿದ್ದರಲ್ಲ, ಅದು ನಡೆಯುತ್ತದೋ ಇಲ್ಲವೋ ಎಂಬುದೇ ಈಗ ನನ್ನ ಚಿಂತೆ. ದೋಣಿಯ ಇಂಜಿನ್ ಕೈಕೊಟ್ಟ ಹೊತ್ತಿಗೇ ನಮ್ಮ ಕಾರಿನ ಹತ್ತು ವರ್ಷದ ಸಿಒಇ ಪರವಾನಗಿಯ ಅವಧಿಯೂ ಮುಗಿಯಿತು. ಚೆನ್ನಾಗಿ ಓಡುತ್ತಿದ್ದ ಕಾರನ್ನು ಸ್ಕ್ರ್ಯಾಪಿಗೆ ಕೊಡಬೇಕಾಯಿತು. ಇವರು ಅದರ ಹಿಂದೆಯೇ ಹೋಗಿ ಇಂಜಿನ್ ಬಿಚ್ಚಿಸಿ ತಂದರು.

ಪಾಸಿರ್ ಪಂಜಾಂಗ್ ಬಂದರಿನಲ್ಲಿ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಮನೀಷ್ ಅಂಕಲ್ ತಲೆ ಚಚ್ಚಿಕೊಂಡರು. “ಕೂಸಪ್ಪಣ್ಣ, ಕಾರಿಗೆ ನಡುವೆ ಇಳಿಜಾರಾದ್ರೂ ಸಿಗ್ತದೆ. ದೋಣಿಗೆ ಹೋದಷ್ಟೂ ಗುಡ್ಡ ಹತ್ತಿದ ಲೆಕ್ಕ. ರೇಡಿಯೇಟರ್‌ಗೆ ಗಾಳಿ ಎಲ್ಲಿಂದ ತರ್ತೀರಿ?” ಅಪ್ಪ ಜಗ್ಗಲಿಲ್ಲ. ರೇಡಿಯೇಟರ್ ತೆಗೆದು, ಇಂಜಿನ್ ಸಮುದ್ರದ ನೀರಿನಿಂದ ತಂಪಾಗುವ ಹಾಗೆ ಮಾಡಿದರು. ಕಾರಿನ ಸ್ಟಾರ್ಟರ್ ಕಿಡಿ ಹಾರಿಸುತ್ತದೆಂದು ಅದನ್ನು ಬಿಸಾಡಿ, ದೋಣಿಗೆಂದೇ ಮಾಡಿದ್ದನ್ನು ಕೂರಿಸಿದರು. ಒಂದು ಕಿಡಿಗೆ ಅಷ್ಟು ಹೆದರಿದವರು ಆಯುಧಪೂಜೆಯ ದಿನ ನನ್ನ ಕೈಗೆ ಆರತಿ ತಟ್ಟೆ ಕೊಟ್ಟರು ನೋಡು!

ಕಾರಿಗೆ ವರ್ಷಾವರ್ಷ ಕಾರ್‌ಪಾರ್ಕಿನಲ್ಲಿ ಮಾಡುತ್ತಿದ್ದ ಪೂಜೆಯೇ, ಈ ಸಲ ಜೆಟ್ಟಿಗೆ ಕಟ್ಟಿದ ದೋಣಿಯೊಳಗೆ. ಕುಂಕುಮ ಹಚ್ಚಿದೆ, ಸೇವಂತಿಗೆ ಇಟ್ಟೆ. “ಪೆಟ್ರೋಲ್ ವಾಸನೆ ಬರ್ತಿದೆಯಲ್ಲ?” ಅಂದೆ. ಅಪ್ಪ ಮೊಣಕಾಲೂರಿ ಬಗ್ಗಿ ನೋಡಿದರು. “ಎಲ್ಲಾ ಡ್ರೈ ಉಂಟು ಮಾರಾಯ್ತಿ, ನೀನು ಆರತಿ ಮಾಡು.” ಕರ್ಪೂರ ಹಚ್ಚಿದೆ. ಕಾರಿನಲ್ಲಾದರೆ ಪೆಟ್ರೋಲಿನ ಆವಿ ಗಾಳಿಗೆ ಹೋಗುತ್ತದೆ, ದೋಣಿಯ ತಳದಲ್ಲಿ ಅದು ಕೂತೇ ಇರುತ್ತದಂತೆ. ಭುಗಿಲ್ಲೆಂದಿತು. ಅಪ್ಪ ನನ್ನನ್ನು ಜೆಟ್ಟಿಯ ಮೇಲಕ್ಕೆ ತಳ್ಳಿದರು, ಮನೀಷ್ ಬೆಂಕಿ ಆರಿಸಿದರು. ನನಗೆ ಒಂದು ಗಾಯವೂ ಆಗಲಿಲ್ಲ.

ಪಕ್ಕದ ಮನೆಯ ಮಹಿಮಾ ಕೂಡ, “ಆಂಟಿ, ಬೋಟ್ ಒಳಗೆ ಯಾರು ಕರ್ಪೂರ ಹಚ್ತಾರೆ ಲಾ!” ಎಂದು ನಗುತ್ತಾಳೆ. ನಗಲಿ. ಇಂಜಿನ್ ಉಳಿದಿದೆ. ಹೊಸ ಪೈಪ್, ಆವಿ ಹೊರದಬ್ಬುವ ಫ್ಯಾನ್ ಎಲ್ಲ ಫಿಟ್ ಮಾಡುತ್ತಿದ್ದಾರೆ. ಡಿಸೆಂಬರಿಗೆ ರೆಡಿ ಅನ್ನುತ್ತಾರೆ ಅಪ್ಪ.

ನೈಟ್ ಶಿಫ್ಟ್ ಎಂದು ಊಟ ಬಿಡಬೇಡ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಸ್ವರ್ಣಲತಾ

ತಾ.ಕ.: ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದದ್ದು ಜೆಟ್ಟಿಯ ಮೇಲೆ ನಿಂತಿದ್ದ ಮನೀಷ್‌ಗೂ ಕಾಣಿಸಿತಂತೆ. ಅವರು ಕೂಗುವಷ್ಟರಲ್ಲಿ ನಾನು ಕರ್ಪೂರ ಹಚ್ಚಿಯಾಗಿತ್ತು. ಅದರ ಮುಂದೆಯೇ ಕೂತಿದ್ದ ಅಪ್ಪನಿಗೆ ಕಾಣಿಸಲಿಲ್ಲ. ಅವರ ಕಣ್ಣು ಹೋಗುತ್ತಿದೆ, ಅಕ್ಷಿತಾ. ಅದು ಅವರಿಗೂ ಗೊತ್ತು, ನನಗೂ ಗೊತ್ತು, ಇಬ್ಬರೂ ಬಾಯಿ ಬಿಟ್ಟಿಲ್ಲ. ತಪ್ಪು ನನ್ನ ಕರ್ಪೂರದ್ದೇ ಎಂದು ಊರೆಲ್ಲ ನಂಬಿದೆ, ಹಾಗೆಯೇ ಇರಲಿ, ಮನೀಷ್‌ಗೂ ಹೇಳಿದ್ದೇನೆ. ನಿನಗೆ ದೋಣಿಯ ಲೈಸೆನ್ಸ್ ಇದೆಯಲ್ಲ. ಬಂದವಳೇ, ನಾನೇ ಓಡಿಸುತ್ತೇನೆ ಅನ್ನು. ಅವರು ಕೊಡುವುದಿಲ್ಲ ಅನ್ನುತ್ತಾರೆ. ಚಿಕ್ಕವಳಿದ್ದಾಗ ಹಟ ಮಾಡಿದರೆ ಬೈಯುತ್ತಿದ್ದೆ, ಈ ಸಲ ನಾನೇ ಕೇಳಿಕೊಳ್ಳುತ್ತಿದ್ದೇನೆ, ಹಟ ಮಾಡು.