ಹೊಟ್ಟೆ ಹೊಲಿಯದ ಬೆಕ್ಕು

ಅಂಗಡಿಯ ಅಟ್ಟದಿಂದ
ಒಂಬತ್ತನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಕೆಮ್ಮು ಕಡಿಮೆಯಾಯಿತೇ? ಹೋದ ಸಲ ಜಾಲರಿಯ ಆಚೆ ನಿಂತು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಔಷಧಿ ಕೊಟ್ಟರೆ ಕುಡಿ. ಚಿಕ್ಕವಳಿದ್ದಾಗ ಕಹಿ ಅಂತ ಕಿಟಕಿಯಾಚೆ ಉಗುಳುತ್ತಿದ್ದೆಯಲ್ಲ, ಆ ಬುದ್ಧಿ ಅಲ್ಲಿ ತೋರಿಸಬೇಡ. ನಮ್ಮ ಚೂಟಿ ಹೇಗಿದ್ದಾಳೆ? ಅಲುಗಾಡುತ್ತಿದ್ದ ಹಲ್ಲು ಬಿತ್ತೇ? ನಾನು ಆರಾಮ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅದು ಹಳೇ ಜಗಳ. ನಿನಗಿಂತ ಮೊದಲು ಈ ಪತ್ರ ಓದುವ ಮೇಡಂ ಅವರಿಗೂ ನನ್ನ ನಮಸ್ಕಾರ ತಿಳಿಸುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕಣ್ಣಿಗೆ ತ್ರಾಸಾದರೆ ಕ್ಷಮಿಸಬೇಕು.

ಮುಖ್ಯ ವಿಷಯ ಯಾವುದು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಚೂಟಿಗೆ ಆರು ತುಂಬುತ್ತಿದೆ. ಆರು ತುಂಬಿದ ಮಕ್ಕಳನ್ನು ಜೈಲಿನಲ್ಲಿ ತಾಯಿಯ ಜೊತೆ ಇರಲು ಬಿಡುವುದಿಲ್ಲ. ಅವಳನ್ನು ನನ್ನ ಕೈಗೆ ಕೊಡುತ್ತಾರೋ, ಬಾಲಮಂದಿರಕ್ಕೆ ಕಳಿಸುತ್ತಾರೋ ಅಂತ ನೀನು ನಿದ್ದೆಗೆಟ್ಟು ಕೂತಿದ್ದೀಯ. ಅದಕ್ಕೆ ಬರುತ್ತೇನೆ, ಸ್ವಲ್ಪ ತಡಿ. ಮೊದಲು ಬೆಕ್ಕಿನ ಕಥೆ ಹೇಳಿಬಿಡುತ್ತೇನೆ. ಈ ಪತ್ರದ ಜೊತೆ ಬೆಕ್ಕೂ ಬರುತ್ತಿದೆ, ಅದರ ಅವಸ್ಥೆ ನೋಡಿ ನೀನು ಗಾಬರಿ ಬೀಳಬಾರದು.

ನಿಮ್ಮ ಅಡುಗೆಮನೆಯ ಬೆಕ್ಕು ಬೆಳಿಗ್ಗೆ ಸರಳು ತೂರಿ ಹೊರಗೆ ಹೋದರೆ ಎರಡೆರಡು ದಿನ ಬರುವುದಿಲ್ಲ ಅಂತ ಚೂಟಿ ನನ್ನ ಹತ್ತಿರ ದೂರು ಹೇಳಿದ್ದಳಲ್ಲ, "ಓಡಿ ಹೋಗ್ದೇ ಇರೋ ಬೆಕ್ಕು ತಂದ್ಕೊಡು ತಾತಾ" ಅಂತ. ಅಂಗಡಿಯಲ್ಲಿ ಕೊಳ್ಳಬಹುದಿತ್ತು. ಆದರೆ ಪ್ಲಾಸ್ಟಿಕ್ ಕಣ್ಣು, ತಂತಿಯ ಮೀಸೆ ಇರುವ ಗೊಂಬೆಯನ್ನು ಗೇಟಿನಲ್ಲಿ ಒಳಗೆ ಬಿಡುವುದಿಲ್ಲ. ಕೆಳಗಿನ ಮನೆಯ ನರ್ಸಮ್ಮ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ ಹಗಲಿಡೀ ಸ್ವೆಟರ್ ಹೆಣೆಯುತ್ತಾರೆ. ಅವರನ್ನು ಕೇಳಿದೆ. ಮಾಡಿಕೊಡಿ ಅಂತ ಕೇಳಿದ್ದು ನಾನು. ಅವರು ಒಳಗೆ ಹೋಗಿ ಎರಡು ಕಡ್ಡಿ, ಒಂದು ಉಂಡೆ ಬೂದು ಬಣ್ಣದ ಉಲ್ಲನ್ ತಂದು ನನ್ನ ತೊಡೆಯ ಮೇಲಿಟ್ಟು, "ಮೊಮ್ಮಗಳು ನಿಮ್ಮವಳು, ಹೆಣೆಯೋದೂ ನೀವೇ" ಅಂದುಬಿಟ್ಟರು. ಜೀವಮಾನವೆಲ್ಲ ಸೋಫಾಗೆ ಬಟ್ಟೆ ಬಿಗಿದ ಕೈ ಇದು, ಇದಕ್ಕೇನು ಮಹಾ ಕಷ್ಟ ಅಂದುಕೊಂಡೆ. ಒಂದೇ ದಿನದಲ್ಲಿ ನನ್ನ ಜಂಬ ಇಳಿಯಿತು. ಬೆರಳ ತುದಿಯ ಬಿರುಕಿಗೆ ಉಲ್ಲನ್ ಎಳೆ ಸಿಕ್ಕಿಕೊಂಡು ಬಿಡುವುದೇ ಇಲ್ಲ. ಎಣ್ಣೆ ಹಚ್ಚಿಕೊಳ್ಳಿ ಅಂದರು. ಹಚ್ಚಿಕೊಂಡು ಒರೆಸದೆ ಕೂತೆ, ಬೂದು ಬೆಕ್ಕಿನ ಬೆನ್ನ ಮೇಲೆ ಜಿಡ್ಡಿನ ಮಚ್ಚೆ ಬಿತ್ತು. ಅದಕ್ಕಿಂತ ದೊಡ್ಡ ತಾಪತ್ರಯ ನನ್ನ ಎಳೆಯುವ ಚಟ. ಸೋಫಾದ ಬಟ್ಟೆ ಎಳೆದು ಎಳೆದು ಮೊಳೆ ಹೊಡೆದವನಿಗೆ ಸಡಿಲ ಅನ್ನುವುದೇ ತಪ್ಪು. ಒಂದೊಂದು ಕುಣಿಕೆಯನ್ನೂ ಹಾಗೆಯೇ ಎಳೆದೆ. ಮುಂದಿನ ಸಾಲಿಗೆ ಕಡ್ಡಿಯ ತುದಿ ತೂರಿಸಲು ಜಾಗವೇ ಇಲ್ಲ. ನರ್ಸಮ್ಮ ಕಡ್ಡಿ ಕಿತ್ತುಕೊಂಡು ಸರಸರ ಬಿಚ್ಚಿ, "ಇದೇನು ಕುರ್ಚಿನಾ? ಅದಕ್ಕೂ ಉಸಿರಾಡೋಕೆ ಬಿಡ್ರೀ" ಅಂತ ಗದರಿದರು. ಎಷ್ಟು ಸಲ ಬಿಚ್ಚಿದರು ಅಂತ ಕೇಳಬೇಡ, ಮರ್ಯಾದೆ ಪ್ರಶ್ನೆ.

ಹೇಗೋ ಒಂದು ಮುಗಿಯಿತು. ಕಿವಿ ಒಂದು ದೊಡ್ಡದು, ಒಂದು ಚಿಕ್ಕದು. ಮೂತಿ ನೋಡಿದರೆ ಹಂದಿಗೂ ಬೆಕ್ಕಿಗೂ ನಡುವಿನ ಯಾವುದೋ ಸಂಬಂಧಿ. ಆದರೆ ತುಂಬುವ ಕೆಲಸ ನನ್ನದೇ ಕಸುಬಲ್ಲವೇ, ಅಲ್ಲಿ ನಾನು ಯಾರ ಮಾತೂ ಕೇಳಲಿಲ್ಲ. ಹತ್ತಿ, ಸ್ಪಂಜಿನ ಚೂರು, ಮತ್ತೆ ಹತ್ತಿ, ಹೀಗೆ ಪದರ ಪದರವಾಗಿ ಕೋಲಿನಿಂದ ಗಿಡಿದು ಗಿಡಿದು ತುಂಬಿದೆ. ಸೋಫಾದ ಕೈ ಇರುತ್ತದಲ್ಲ, ಅಷ್ಟು ಗಟ್ಟಿ. ನಿಲ್ಲಿಸಿದರೆ ನಿಲ್ಲುತ್ತಿತ್ತು. ಹೆಮ್ಮೆಯಿಂದ ಭೇಟಿಯ ದಿನ ಗೇಟಿಗೆ ತಂದುಕೊಟ್ಟೆ. ತಪಾಸಣೆಯ ಹೆಂಗಸು ಒತ್ತಿ ನೋಡಿದಳು, ಬಗ್ಗಲಿಲ್ಲ. ಮೇಜಿಗೆ ಕುಟ್ಟಿ ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಕತ್ತರಿ ತೆಗೆದು ಕತ್ತಿನಿಂದ ಬಾಲದವರೆಗೆ ಹೊಟ್ಟೆ ಸೀಳಿದಳು. ಮೆತ್ತಗೆ ತುಂಬಿದ್ದರೆ ಹಾಗೇ ಬಿಡುತ್ತಿದ್ದಳೋ ಏನೋ, ಕಲ್ಲಿನಂತಿದ್ದ ಗೊಂಬೆಯ ಒಳಗೆ ಬರೀ ಹತ್ತಿ ಇದೆ ಅಂತ ಅವಳು ತಾನೆ ಹೇಗೆ ನಂಬುತ್ತಾಳೆ? ಹತ್ತಿಯನ್ನೆಲ್ಲ ಎಳೆದು ಮೇಜಿನ ಮೇಲೆ ಹರವಿ ಬೆರಳಾಡಿಸಿ ನೋಡಿದಳು. ಹೆಣೆದದ್ದನ್ನು ಕತ್ತರಿಸಿದರೆ ಮುಗಿಯಿತು, ನೋಡನೋಡುತ್ತ ಸಾಲು ಸಾಲೇ ಕಳಚಿಕೊಂಡು ಹೋಯಿತು. ಅತ್ತುಬಿಟ್ಟೆ ಅಂತಲೇ ಇಟ್ಟುಕೋ. ಅವಳೇನು ಕೆಟ್ಟವಳಲ್ಲ. "ಖಾಲಿ ತನ್ನಿ ಅಜ್ಜಾ, ಹೊಟ್ಟೆ ಹೊಲೀಬೇಡಿ, ತುಂಬೋದು ಒಳಗೆ ತುಂಬ್ಕೊಳ್ಳಲಿ" ಅಂದಳು. ಆ ದಿನ ಬರಿಗೈಲಿ ಬಂದು ಚೂಟಿಯ ಮುಂದೆ ಬೆಕ್ಕಿಗೆ ಜ್ವರ ಅಂತ ಸುಳ್ಳು ಹೇಳಿದ್ದು ಇದಕ್ಕೇ.

ಹಾಗಾಗಿ ಇದು ಎರಡನೆಯ ಬೆಕ್ಕು, ಪೂರಾ ಖಾಲಿ. ಅಂಗಡಿಯಿಂದ ಪೊಳ್ಳು ಸಾಮಾನು ಎಂದೂ ಹೊರಗೆ ಕಳಿಸದವನಿಗೆ ಇದನ್ನು ಮಡಚಿ ಕಾಲುಚೀಲದ ಹಾಗೆ ಪೊಟ್ಟಣದಲ್ಲಿ ಇಡುವಾಗ ಕೈ ಬರಲಿಲ್ಲ. ಹೇಗೆ ತುಂಬಬೇಕು ಅಂತ ಹೇಳುತ್ತೇನೆ, ಗಮನವಿಟ್ಟು ಕೇಳು. ನಿನ್ನ ಹಳೇ ಬಟ್ಟೆಯನ್ನು ಸಣ್ಣಗೆ ಹರಿದುಕೋ. ಮೊದಲು ಕಾಲು ಮತ್ತು ಬಾಲ, ಚಮಚದ ಹಿಡಿಯಿಂದ ಮೆಲ್ಲಗೆ ತಳ್ಳು. ಕತ್ತಿಗೆ ಮಾತ್ರ ಸ್ವಲ್ಪ ಬಿಗಿಯಾಗಿ ತುಂಬು, ಇಲ್ಲವಾದರೆ ತಲೆ ಜೋತುಬಿದ್ದು ಪಾಪದ ಪ್ರಾಣಿಯ ಹಾಗೆ ಕಾಣುತ್ತದೆ. ಹೊಟ್ಟೆ ಮೆತ್ತಗಿರಲಿ, ಅವಳು ತಬ್ಬಿಕೊಂಡು ಮಲಗುವುದು ಅದನ್ನೇ. ನಿನಗೆ ಸೂಜಿ ಕೊಡುವುದಿಲ್ಲ ಅಂತ ಗೊತ್ತು, ಅದಕ್ಕೇ ಹೊಟ್ಟೆಯ ಎರಡೂ ಅಂಚಿನಲ್ಲಿ ತೂತು ಬಿಟ್ಟು ಉದ್ದ ಎಳೆ ಉಳಿಸಿದ್ದೇನೆ. ಬೂಟಿನ ಲಾಡಿ ಪೋಣಿಸಿದಂತೆ ಬೆರಳಲ್ಲೇ ಪೋಣಿಸಿ ಎಳೆದರೆ ಮುಚ್ಚಿಕೊಳ್ಳುತ್ತದೆ. ಕಿವಿ ಈ ಸಲ ಎರಡೂ ಒಂದೇ ಅಳತೆ, ನರ್ಸಮ್ಮನೇ ಒಪ್ಪಿದ್ದಾರೆ.

ಈಗ ಚೂಟಿಯನ್ನು ನನಗೆ ಕೊಡಬಹುದೋ ಅಂತ ಮನೆ ನೋಡಲು ಮಕ್ಕಳ ಕಲ್ಯಾಣ ಸಮಿತಿಯಿಂದ ಬಂದವರ ವಿಷಯ. ಒಬ್ಬ ಹೆಂಗಸು, ಅವರ ಜೊತೆ ಬರೆದುಕೊಳ್ಳಲು ಒಬ್ಬ. ನಾನು ಅಟ್ಟವನ್ನೆಲ್ಲ ಗುಡಿಸಿ, ಸ್ಪಂಜಿನ ರಾಶಿಯನ್ನು ಕೆಳಗೆ ಸಾಗಿಸಿ, ಚೂಟಿಗೆ ಅಂತ ಮಾಡಿದ ಪುಟ್ಟ ಮಂಚವನ್ನು ಕಿಟಕಿ ಪಕ್ಕ ಇಟ್ಟಿದ್ದೆ. ತಲೆದಿಂಬಿನ ಕಡೆಗೆ ಒಳ್ಳೆಯ ಹಳದಿ ಬಟ್ಟೆ ಕೂರಿಸಿದ್ದೇನೆ, ಗಿರಾಕಿಯೊಬ್ಬರ ಸೋಫಾದಿಂದ ಉಳಿದದ್ದು. ಆಯಮ್ಮ ಕಬ್ಬಿಣದ ಮೆಟ್ಟಿಲು ಹತ್ತಿ ಬಂದು ಸುಧಾರಿಸಿಕೊಂಡು ಎಲ್ಲ ಕೇಳಿದರು. ಗೋಂದಿನ ವಾಸನೆ ಯಾವಾಗಲೂ ಹೀಗೇನಾ? ನೀವು ಗಿರಾಕಿ ಮನೆಗೆ ಹೋದರೆ ಮಗು ಯಾರ ಹತ್ತಿರ? ಹೆಣ್ಣುಮಗುವಿಗೆ ಸ್ನಾನ ಯಾರು ಮಾಡಿಸುತ್ತಾರೆ? ನಿಮಗೇ ಹುಷಾರು ತಪ್ಪಿದರೆ? ಎಲ್ಲಕ್ಕೂ ನರ್ಸಮ್ಮ, ನರ್ಸಮ್ಮ ಅಂದೆ. "ಅವರು ನಿಮಗೇನಾಗಬೇಕು?" ಅಂದರು. ಏನೂ ಆಗಬೇಕಾಗಿಲ್ಲ, ಅದಕ್ಕೇ ಸಹಾಯ ಮಾಡುತ್ತಾರೆ ಅಂದೆ. ಬರೆದುಕೊಳ್ಳುವವನು ನಕ್ಕ, ಆಯಮ್ಮ ನಗಲಿಲ್ಲ. ನಿನ್ನ ಕೇಸಿನ ವಿಷಯವೂ ಬಂತು. ಕುಡಿದು ಬಂದ ಅಪ್ಪ ಹಾಲು ಕುಡಿಯುವ ಕೂಸನ್ನು ಕಾಲು ಹಿಡಿದು ಎತ್ತಿದಾಗ ತಾಯಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೊಡೆದಳು, ಅವನು ಸತ್ತ, ನನಗೆ ಅವನ ಬಗ್ಗೆ ಒಂದು ತೊಟ್ಟು ಮರುಕವಿಲ್ಲ ಅಂದುಬಿಟ್ಟೆ. ಬಾಯಿ ಬಿಗಿಹಿಡಿಯಬೇಕಿತ್ತೇನೋ. ಆದರೆ ಹೆಣೆಯುತ್ತಿದ್ದ ಬೆಕ್ಕನ್ನು ನೋಡಿ ಆಯಮ್ಮ, "ನೀವೇ ಮಾಡ್ತಿರೋದಾ?" ಅಂತ ಕೈಗೆತ್ತಿಕೊಂಡು ಅದರ ಕಿವಿ ನೀವಿದರು. ಆ ಕ್ಷಣಕ್ಕೆ ನನಗೆ ಎಲ್ಲ ಕೈಗೂಡಿತು ಅನಿಸಿತು. ಅವರು ಹೋದ ಮೇಲೆ ಮಂಚದ ಮೇಲೆ ಒಬ್ಬನೇ ಕೂತು ಸುಮ್ಮನೆ ನಗುತ್ತಿದ್ದೆ.

ಇನ್ನೇನು ಬರೆಯಲಿ? ಹೊಟ್ಟೆ ತುಂಬ ಊಟ ಮಾಡು. ಯಾರ ಜೊತೆಯೂ ಜಗಳಕ್ಕೆ ನಿಲ್ಲಬೇಡ, ನಿನ್ನ ನಾಲಿಗೆ ನನ್ನದೇ, ಅದಕ್ಕೇ ಭಯ. ನೀನು ಮಾಡಿದ್ದಕ್ಕೆ ನನ್ನ ಮನಸ್ಸಿನಲ್ಲಿ ಎಳ್ಳಷ್ಟೂ ಬೇಸರವಿಲ್ಲ, ಅದನ್ನು ಪ್ರತಿ ಸಲ ಹೇಳುತ್ತೇನೆ, ಈ ಸಲವೂ ಹೇಳಿದ್ದೇನೆ. ಚೂಟಿಯ ಎರಡೂ ಕೆನ್ನೆಗೆ ನನ್ನ ಮುತ್ತು. ನಿನ್ನ ತಲೆಯ ಮೇಲೆ ಈ ಒರಟು ಕೈ ಸದಾ ಇದೆ ಅಂದುಕೋ.

ನಿನ್ನ
ಅಪ್ಪ

ತಾ.ಕ.: ನರ್ಸಮ್ಮ ಪೊಟ್ಟಣ ಒಯ್ಯಲು ಕೆಳಗೆ ನಿಂತು ಕೂಗುತ್ತಿದ್ದಾರೆ, ಬಸ್ಸಿನ ಹೊತ್ತಾಯಿತು. ನಾನೇ ಬರಬಹುದಿತ್ತು. ನಿನ್ನ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ, ಮೇಲೆ ಬರೆಯುವುದಕ್ಕೂ ಆಗಲಿಲ್ಲ. ಚೂಟಿಯನ್ನು ನನಗೆ ಕೊಡುವುದಿಲ್ಲವಂತೆ. ನಿನ್ನೆ ಆಯಮ್ಮನೇ ಅಂಗಡಿಗೆ ಬಂದು ಹೇಳಿ ಹೋದರು. ನನಗೆ ವಯಸ್ಸಾಯಿತು, ಒಂಟಿ ಗಂಡಸು, ಆಗುವುದಿಲ್ಲ. ಸೋಮವಾರ ಬೆಳಿಗ್ಗೆ ಬಾಲಮಂದಿರದ ವ್ಯಾನು ಬರುತ್ತದೆ. ನೀನು ಅವಳಿಗೆ ದಿನಾ ತಾತನ ಮನೆಗೆ ಹೋಗುತ್ತೀಯ ಅಂತ ಹೇಳುತ್ತಿದ್ದೀಯ. ಇವತ್ತೇ ನಿಜ ಹೇಳಿಬಿಡು ಮಗಳೇ, ಕಾಲು ಹಿಡಿಯುತ್ತೇನೆ. ವ್ಯಾನು ನಮ್ಮ ಬೀದಿಯಲ್ಲೇ ಹಾದುಹೋಗುತ್ತದೆ. ಬಾಗಿಲ ಮೇಲೆ ಕೆಂಪು ಕುರ್ಚಿ ತೂಗುಹಾಕಿರುವುದೇ ತಾತನ ಅಂಗಡಿ ಅಂತ ನೀನು ಗುರುತು ಹೇಳಿಕೊಟ್ಟಿದ್ದೀಯಂತೆ, ಹೋದ ಸಲ ಅವಳೇ ಹೇಳಿದಳು. ಅದನ್ನು ಕಂಡರೆ ಇಳಿಸಿ ಅಂತ ಕೂಗುತ್ತಾಳೆ, ಅವರು ಇಳಿಸುವುದಿಲ್ಲ. ಸೋಮವಾರ ಎದ್ದ ಕೂಡಲೇ ಕುರ್ಚಿ ಇಳಿಸಿ ಒಳಗಿಡುತ್ತೇನೆ. ಬಾಗಿಲು ಹಾಕಿಕೊಂಡು ನಾನೂ ಒಳಗೇ ಇರುತ್ತೇನೆ.