ದುಂಡಗೆ ಹಾಕಿದ ಮೂವತ್ತೊಂದು ಸಹಿ

ಮಾನ್ಯ ಆಡಳಿತಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಲಾಂಡ್ರಿಯ ಹಿಂಬಾಗಿಲಿಗೆ ಕೆಲಸದ ಹೊತ್ತಿನಲ್ಲಿ ಬೀಗ ಹಾಕಬೇಡಿ ಎಂದು ನಾವು ಮೂವತ್ತೊಂದು ಜನ ಕೇಳಿದೆವು. ನೀವು ಬೀಗವನ್ನು ಹಾಗೇ ಬಿಟ್ಟು ಕೀಲಿಕೈಯನ್ನು ನನ್ನ ಕೊರಳಿಗೆ ಕಟ್ಟಿದಿರಿ. ಕಡತದಲ್ಲಿ 'ಬೇಡಿಕೆ ಈಡೇರಿಸಲಾಗಿದೆ' ಎಂದು ಬರೆದಿದೆಯಂತೆ. ಅಷ್ಟು ಸಲೀಸಾಗಿ ಕೈ ತೊಳೆದುಕೊಳ್ಳುವುದನ್ನು ಹನ್ನೊಂದು ವರ್ಷ ಬಟ್ಟೆ ತೊಳೆದ ನಾನೂ ಕಲಿತಿಲ್ಲ.

ಕಳೆದ ತಿಂಗಳು ಇಸ್ತ್ರಿ ಯಂತ್ರದ ಹಬೆಯ ಕೊಳವೆ ಬಿರುಕುಬಿಟ್ಟು ಮುಂಬಾಗಿಲಿಗೆ ಹೋಗುವ ದಾರಿ ಮುಚ್ಚಿಹೋಯಿತು. ಹಿಂಬಾಗಿಲಿಗೆ ಬೀಗ, ಕೀಲಿಕೈ ಇದ್ದ ಕಾವಲುಗಾರ ಊಟಕ್ಕೆ ಹೋಗಿದ್ದ. ಒಗೆದ ಹಾಸುಬಟ್ಟೆಗಳನ್ನು ಮೂಗಿಗೆ ಒತ್ತಿಕೊಂಡು ಹತ್ತು ನಿಮಿಷ ನಿಂತೆವು. ಹಾಸುಬಟ್ಟೆ ಕಳುವಾಗಬಾರದೆಂದು ಹಾಕಿದ ಬೀಗವಂತೆ. ಸಂತೋಷ, ಅವತ್ತು ಒಂದೂ ಕಳುವಾಗಲಿಲ್ಲ. ಅದಕ್ಕೂ ಮೊದಲು ನಾವೇನು ಒಂದಾಗಿದ್ದವರಲ್ಲ. ಇಸ್ತ್ರಿಯವರಿಗೆ ಒಗೆಯುವವರನ್ನು ಕಂಡರಾಗದು, ರಕ್ತದ ಬಟ್ಟೆ ಬೇರ್ಪಡಿಸುವವರ ಪಕ್ಕ ಇಬ್ಬರೂ ಕೂರುತ್ತಿರಲಿಲ್ಲ. ನಮ್ಮನ್ನು 'ನಾವು' ಮಾಡಿದ್ದು ನಿಮ್ಮ ಬೀಗವೇ.

ಮನವಿ ಸಿದ್ಧವಾಯಿತು. ಮೊದಲ ಸಹಿ ಯಾರು ಹಾಕುವುದು ಎಂದಾಗ ಎಲ್ಲರೂ ನೆಲ ನೋಡಿದರು. ಇಸ್ತ್ರಿ ಮೇಜಿನ ದೊಡ್ಡಕ್ಕ, ನನಗಿಂತ ಎರಡೇ ವರ್ಷ ದೊಡ್ಡವಳು, ದಿನವೂ ನನ್ನ ಡಬ್ಬಿಯಲ್ಲಿ ಪಾಲು ಕೇಳುವವಳು, ಸೋಪಿನ ಡಬ್ಬದ ಮುಚ್ಚಳವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದಳು. "ದುಂಡಗೆ ಹಾಕ್ರಪ್ಪಾ ಸಹೀನ. ಯಾರು ಮೊದ್ಲು, ಯಾರು ಕೊನೆ ಅಂತ ಅವ್ರಪ್ಪಂಗೂ ಗೊತ್ತಾಗಲ್ಲ" ಎಂದಳು. ಎಲ್ಲರೂ ನಕ್ಕೆವು. ಹೆದರಿದವರು ಒಟ್ಟಿಗೆ ನಕ್ಕಾಗ ಎಂಥ ಧೈರ್ಯ ಬರುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು.

ನಿಮ್ಮ ಕಚೇರಿಯ ಗುಮಾಸ್ತರು ಕಾಗದವನ್ನು ಎರಡು ಸುತ್ತು ತಿರುಗಿಸಿ, "ಇದರ ತಲೆ ಎಲ್ಲಿ?" ಎಂದರು. ಆಮೇಲೆ ಖಾಲಿ ಜಾಗ ಹುಡುಕಿ ಮುದ್ರೆ ಒತ್ತಿದರು. ನನ್ನ ಹೆಸರು ಎರಡೇ ಅಕ್ಷರದ್ದು. ಜಾಗ ಉಳಿದಿದ್ದು ಅದರ ಪಕ್ಕದಲ್ಲೇ, ಮುದ್ರೆಯ ಪಕ್ಕದ ಹೆಸರೇ ನಿಮಗೆ ಮೊದಲನೆಯದಾಯಿತು. ಮೂರನೇ ದಿನ ನನಗೆ ಪತ್ರ ಬಂತು: 'ನೀವು ಮತ್ತು ಇತರರು ಸಲ್ಲಿಸಿದ ಮನವಿ'. ಮೂವತ್ತು ಜನ ಒಂದೇ ಏಟಿಗೆ ಇತರರಾದರು. ಗುಂಪಿಗೊಂದು ಮುಖ ಬೇಕು ನಿಮಗೆ. ಮುಖವಿದ್ದರೆ ತಾನೇ ಹೆದರಿಸಲಿಕ್ಕೋ ಪುಸಲಾಯಿಸಲಿಕ್ಕೋ ಬರುವುದು?

ಗಾಜಿನ ಗೋಡೆಯ ನಿಮ್ಮ ಕೋಣೆಗೆ ಕರೆಸಿದಿರಿ. "ಕೂತ್ಕೊಳ್ಳಿ" ಎಂದಿರಿ, ಟೀ ತರಿಸಿದಿರಿ. ಬಟ್ಟೆಯ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ನಮ್ಮವರೆಲ್ಲ ಹೊರಗಿನಿಂದ ನೋಡಿದರು. "ನಾನು ಲೀಡರ್ ಅಲ್ಲ ಸಾರ್" ಎಂದೆ. "ಯಾರಾದ್ರೂ ಒಬ್ರು ಇರ್ಲೇಬೇಕಲ್ಲಮ್ಮಾ, ನಾನು ಯಾರ ಹತ್ರ ಮಾತಾಡ್ಲಿ?" ಎಂದಿರಿ. ನಾಚಿಕೆಯಾದರೂ ನಿಜ ಹೇಳಿಬಿಡುತ್ತೇನೆ: ಆ ಕುರ್ಚಿ ನನಗೆ ಹಿತವಾಗಿತ್ತು. ಹನ್ನೊಂದು ವರ್ಷದಲ್ಲಿ ಆ ಕಟ್ಟಡದಲ್ಲಿ ಯಾರೂ ನನಗೆ ಕೂತುಕೋ ಎಂದಿರಲಿಲ್ಲ. ಟೀ ಪೂರ್ತಿ ಕುಡಿದೆ. ಕೀಲಿಕೈ ತೆಗೆದುಕೊಂಡು, ಹಾಸುಬಟ್ಟೆ ಕಳುವಾದರೆ ನಾನೇ ಹೊಣೆ ಎಂಬ ಕಾಗದಕ್ಕೆ ಒಬ್ಬಳೇ ಸಹಿ ಹಾಕಿದೆ.

ಈಗ ಹೊರಗೆ ಹೋಗಿ ಎರಡು ನಿಮಿಷ ಉಸಿರಾಡಬೇಕೆಂದರೂ ಅವರು ನನ್ನನ್ನು ಕೇಳಬೇಕು. ನಾನು ಅವರ ಚೀಲ ನೋಡಬೇಕು. ನೋಡುತ್ತೇನೆ. ಊಟದ ಹೊತ್ತಿನಲ್ಲಿ ದೊಡ್ಡಕ್ಕ ಬೇರೆ ಕಡೆ ಕೂರುತ್ತಾಳೆ. ಒಂದು ದಿನ "ಬಾಗಿಲು ತೆಗೀತೀರಾ ಮೇಡಂ?" ಎಂದಳು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಒಳಗೆ ಏನು ಮಾತಾಯಿತೆಂದು ಯಾರೂ ಕೇಳುವುದಿಲ್ಲ, ಅವರವರೇ ಉತ್ತರ ಕಟ್ಟಿಕೊಂಡಿದ್ದಾರೆ. ಕೆಲಸ ಬಿಟ್ಟರೆ ನಮ್ಮನ್ನು ಮಾರಿ ಓಡಿದಳು ಎನ್ನುತ್ತಾರೆ. ಉಳಿದರೆ ನಾನು ನಿಮ್ಮ ಕಾವಲಿನವಳು. ನೀವೇ ಹೇಳಿ, ನಾನು ಯಾವ ಬಾಗಿಲಿನಿಂದ ಹೊರಗೆ ಹೋಗಲಿ?

ಹೋದ ಸೋಮವಾರ ಕೀಲಿಕೈಯನ್ನು ಬಾಗಿಲ ಪಕ್ಕದ ಮೊಳೆಗೆ ತಗುಲಿಹಾಕಿ, "ಬೇಕಾದೋರು ತಗೊಳ್ಳಿ, ನನ್ನ ಕೇಳ್ಬೇಡಿ" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ಗುರುವಾರ ಅದೇ ಕೊಳವೆ ಮತ್ತೆ ಬಾಯಿಬಿಟ್ಟಿತು. ನಾನು ಆ ತುದಿಯ ಒಗೆಯುವ ಯಂತ್ರದ ಹತ್ತಿರವಿದ್ದೆ. ಕೆಮ್ಮುತ್ತಾ ಓಡಿಬಂದು ನೋಡಿದರೆ ಮೂವತ್ತು ಜನ ಬಾಗಿಲ ಮುಂದೆ ಒತ್ತೊತ್ತಾಗಿ ನಿಂತಿದ್ದಾರೆ. ಕೀಲಿಕೈ ಮೊಳೆಯಲ್ಲೇ ಇದೆ, ದೊಡ್ಡಕ್ಕನ ಭುಜಕ್ಕೆ ತಗಲುವಷ್ಟು ಹತ್ತಿರ. ಯಾರೂ ಮುಟ್ಟಿಲ್ಲ. ಎಲ್ಲರೂ ನನಗಾಗಿ ಕಾಯುತ್ತಿದ್ದಾರೆ.

ಬಾಗಿಲು ತೆಗೆದ ಮೇಲೆ "ಯಾಕೇ ತೆಗೀಲಿಲ್ಲ ನೀನು?" ಎಂದು ದೊಡ್ಡಕ್ಕನ ಮೇಲೆ ಕಿರುಚಿದೆ. ಅವಳು ಸುಟ್ಟ ಮೊಣಕೈ ಹಿಡಿದುಕೊಂಡೇ ಹೇಳಿದಳು: "ಮೊದ್ಲು ಮುಟ್ಟಿದೋರು ಯಾರು ಅಂತ ಕೇಳ್ತಾರಲ್ಲಾ."

ಮಾನ್ಯರೇ, ಆ ಬೀಗ ಕಿತ್ತುಹಾಕಿಸಿ. ಕೊಳವೆ ಬದಲಾಯಿಸಿ. ಉತ್ತರವನ್ನು ಮೂವತ್ತೊಂದು ಜನರ ಹೆಸರಿಗೆ ಬರೆಯಿರಿ. ನನ್ನೊಬ್ಬಳ ಹೆಸರಿಗೆ ಬಂದರೆ ಒಡೆಯದೆ ವಾಪಸು ಕಳಿಸುತ್ತೇನೆ. ಈ ಪತ್ರಕ್ಕೂ ದುಂಡಗೆ ಸಹಿ ಹಾಕಿಸೋಣವೆಂದು ಅದೇ ಮುಚ್ಚಳ ಹಿಡಿದುಕೊಂಡು ಇಸ್ತ್ರಿ ಮೇಜಿನ ಹತ್ತಿರ ಹೋಗಿದ್ದೆ. ಯಾರೂ ತಲೆ ಎತ್ತಲಿಲ್ಲ. ಹಾಗಾಗಿ, ಇದೂ ನಿಮ್ಮ ಕಡತದಲ್ಲಿ ಮುಚ್ಚಿಹೋಗದಿರಲೆಂದು, ಪತ್ರಿಕೆಗೆ ಒಬ್ಬಳೇ ಕಳಿಸುತ್ತಿದ್ದೇನೆ.

ಇಂತಿ,
ಕೊನೆಗೂ ನಿಮಗೆ ಸಿಕ್ಕ ಮೊದಲ ಸಹಿ